ಕುತ್ತಿಗೆ ನೋವು ಮತ್ತು ಒಪ್ಪಂದ ಪಾಲನೆಯಿಂದ ವಿನಾಯಿತಿ

ಕುತ್ತಿಗೆ ನೋವಿನಿಂದಾಗಿ, ಒಪ್ಪಿಕೊಂಡ ವಯೊಲಿನ್ ಕಾರ್ಯಕ್ರಮ ನೀಡಲಾಗದಿದ್ದರೆ ಆಯೋಜಕರಿಗೆ ಪರಿಹಾರ ಕೊಡಬೇಕೇ ಎಂದು ಕೇಳಿದ್ದೀರಿ. ಒಪ್ಪಂದದಲ್ಲೇ ಅನಾರೋಗ್ಯದ ಕುರಿತು ಷರತ್ತಿದ್ದರೆ ಮೊದಲು ಅದನ್ನು ನೋಡಬೇಕು. ಇಲ್ಲವಾದಲ್ಲಿ, ಪಾಲನೆ ಕಷ್ಟವಾಯಿತು ಎಂಬುದಷ್ಟೇ ಸಾಲದು, ಅಸಾಧ್ಯವಾಯಿತು ಎಂದು ತೋರಿಸಬೇಕಾಗುತ್ತದೆ. ಆದರೆ ನಿಮ್ಮದು ಬೇರೆಯವರಿಂದ ಮಾಡಿಸಲಾಗದ, ವೈಯಕ್ತಿಕ ಕೌಶಲವನ್ನೇ ನೆಚ್ಚಿದ ಒಪ್ಪಂದವಾದ್ದರಿಂದ ಅನಾರೋಗ್ಯದ ಕಾರಣಕ್ಕೆ ಇಲ್ಲಿ ಹೆಚ್ಚು ತೂಕವಿದೆ. 1871ರ ರಾಬಿನ್ಸನ್ ವಿರುದ್ಧ ಡೇವಿಸನ್ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಲಯವು, ಕಾಯಿಲೆ ಬಿದ್ದ ಪಿಯಾನೊ ವಾದಕಿ ನುಡಿಸದೇ ಇದ್ದುದನ್ನು ಒಪ್ಪಂದದ ಉಲ್ಲಂಘನೆ ಎಂದು ಪರಿಗಣಿಸಲಿಲ್ಲ.

ಇನ್ನು ಪುರಾವೆ. ‘ಕುತ್ತಿಗೆ ನೋವು, ವಿಶ್ರಾಂತಿ ಅಗತ್ಯ’ ಎಂಬ ಒಂದು ಸಾಲಿನ ಚೀಟಿಯನ್ನು ನಾನಂತೂ ನಂಬಿ ಕೂರಲಾರೆ. ಕುತ್ತಿಗೆ ಎಷ್ಟು ಡಿಗ್ರಿ ತಿರುಗುತ್ತದೆ, ತಲೆಯನ್ನು ಪಕ್ಕಕ್ಕೆ ಬಾಗಿಸಿ ಮೇಲಿನಿಂದ ಒತ್ತುವ ಸ್ಪರ್ಲಿಂಗ್ ಪರೀಕ್ಷೆಯಲ್ಲಿ ನೋವು ತೋಳಿಗೆ ಇಳಿಯುತ್ತದೆಯೇ, ಕೈಗಳ ಬಲ ಮತ್ತು ಸ್ಪರ್ಶಜ್ಞಾನ ಹೇಗಿವೆ ಎಂಬುದನ್ನು ಫಿಸಿಯೊಥೆರಪಿಸ್ಟ್ ದಾಖಲಿಸಬೇಕು. 10 ವಿಭಾಗಗಳ, 50 ಅಂಕಗಳ ನೆಕ್ ಡಿಸೆಬಿಲಿಟಿ ಇಂಡೆಕ್ಸ್ ಎಂಬ ಪ್ರಶ್ನಾವಳಿ ಮುಖ್ಯವಾಗಿ ನೋವು ಮತ್ತು ದೈನಂದಿನ ಕೆಲಸಗಳನ್ನು ಅಳೆಯುವುದರಿಂದ, ವಾದ್ಯವನ್ನು ಗಲ್ಲದಡಿ ಹಿಡಿದು ಎಷ್ಟು ಹೊತ್ತು ನುಡಿಸಬಲ್ಲಿರಿ ಎಂಬುದನ್ನೂ ಪ್ರತ್ಯೇಕವಾಗಿ ಬರೆಸಿಕೊಳ್ಳಿ. (ಬೆರಳುಗಳ ಹಿಡಿತ ತಪ್ಪುತ್ತಿದ್ದರೆ ಅಥವಾ ನಡಿಗೆ ಅಸ್ಥಿರವಾಗಿದ್ದರೆ ಒಪ್ಪಂದದ ಚಿಂತೆ ಬಿಟ್ಟು ತಕ್ಷಣ ವೈದ್ಯರನ್ನು ಕಾಣಿ.)

ವರದಿ ಕೈಸೇರುವವರೆಗೆ ಕಾಯದೆ, ಆಯೋಜಕರಿಗೆ ಇಂದೇ ಲಿಖಿತವಾಗಿ ತಿಳಿಸಿ.