ಮರಗೆಲಸ ಪ್ರಶ್ನೋತ್ತರ: ಮೊಂಡು ಚೈನು, ಬಳ್ಳಾರಿ ಜಾಲಿ, ಸೀಳಿದ ಬೇವಿನ ಹಲಗೆ

ಪ್ರಶ್ನೆ: ಹೊಳಲ್ಕೆರೆ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಹಳೆಯ ಮರಗಳನ್ನು ತೆಗೆಯಲೆಂದು ಕಳೆದ ವರ್ಷ ಪೆಟ್ರೋಲ್ ಚೈನ್ ಸಾ ಕೊಂಡೆವು. ಮೊದಮೊದಲು ಚೆನ್ನಾಗಿಯೇ ಕೊಯ್ಯುತ್ತಿತ್ತು. ಈಗ ಎಷ್ಟು ಅದುಮಿದರೂ ಮರದೊಳಗೆ ಇಳಿಯುವುದಿಲ್ಲ; ಹಿಟ್ಟಿನಂಥ ಪುಡಿ ಉದುರುತ್ತದೆ, ಕೊಯ್ತ ಒಂದೇ ಕಡೆಗೆ ವಾಲುತ್ತದೆ, ಹೊಗೆಯೂ ಏಳುತ್ತದೆ. ರಿಪೇರಿಯವರು ಕಾರ್ಬುರೇಟರ್ ಬದಲಿಸಬೇಕು ಎನ್ನುತ್ತಾರೆ. ಬದಲಿಸುವುದೇ ಸರಿಯೇ?

ಉತ್ತರ: ಸದ್ಯಕ್ಕೆ ಬೇಡ. ಎಂಜಿನ್ ಚೆನ್ನಾಗಿ ಸ್ಟಾರ್ಟ್ ಆಗಿ, ಆಕ್ಸಿಲರೇಟರ್ ಒತ್ತಿದಾಗ ತಡವರಿಸದೆ ವೇಗ ಹಿಡಿಯುತ್ತಿದ್ದರೆ ದೋಷವಿರುವುದು ಕಾರ್ಬುರೇಟರಿನಲ್ಲಲ್ಲ, ಚೈನಿನ ಹಲ್ಲಿನಲ್ಲಿ. ಹರಿತವಾದ ಚೈನು ಮರವನ್ನು ಚಕ್ಕೆ ಚಕ್ಕೆಯಾಗಿ ಕಿತ್ತು ಎಸೆಯುತ್ತದೆ, ಮೊಂಡಾದ ಚೈನು ಅದೇ ಮರವನ್ನು ಉಜ್ಜಿ ಪುಡಿ ಮಾಡುತ್ತದೆ. ಆದ್ದರಿಂದ ಯಂತ್ರದ ಆರೋಗ್ಯ ತಿಳಿಯಲು ಮೊದಲು ನೋಡಬೇಕಾದದ್ದು ನಿಮ್ಮ ಕಾಲ ಬಳಿ ಬಿದ್ದಿರುವ ಹೊಟ್ಟನ್ನು. ತಾನಾಗಿ ಇಳಿಯದ ಚೈನನ್ನು ಅದುಮಿದಾಗ ಬಾರ್ (ಚೈನು ಸುತ್ತುವ ಉದ್ದನೆಯ ಪಟ್ಟಿ) ಕಾಯುತ್ತದೆ, ಕ್ಲಚ್ ಸವೆಯುತ್ತದೆ, ಕೊಯ್ತದ ಬಾಯಲ್ಲಿ ಮರವೇ ಸುಟ್ಟು ಹೊಗೆ ಏಳುತ್ತದೆ. ನೀವು ಹೇಳುವ ಹೊಗೆ ಸೈಲೆನ್ಸರಿನಿಂದ ಬರುತ್ತಿದೆಯೋ ಕೊಯ್ತದ ಬಾಯಿಂದ ಬರುತ್ತಿದೆಯೋ ಎಂಬುದನ್ನು ಮೊದಲು ಗಮನಿಸಿ.

ಅಡಿಕೆ ಮತ್ತು ತೆಂಗಿನ ಕಾಂಡಗಳು ಬೇವಿಗಿಂತ ಬೇಗ ಹಲ್ಲನ್ನು ಸವೆಸುತ್ತವೆ. ಈ ಜಾತಿಯ ಮರಗಳ ನಾರಿನಲ್ಲಿ ಸಿಲಿಕಾ ಕಣಗಳಿರುತ್ತವೆ. ಗಟ್ಟಿಯಾದ ಹೊರಭಾಗದಲ್ಲಂತೂ ನಾರು ಒತ್ತೊತ್ತಾಗಿರುತ್ತದೆ. ಅದರ ಮೇಲೆ ಮಣ್ಣು ಸೇರಿದರೆ ಮುಗಿಯಿತು. ಉರುಳಿದ ಮರವನ್ನು ನೆಲದ ಮೇಲೆಯೇ ತುಂಡರಿಸುವಾಗ ಬಾರಿನ ತುದಿ ಒಂದೇ ಒಂದು ಸಲ ಮಣ್ಣಿಗೆ ತಾಗಿದರೂ ಹಲ್ಲಿನ ಅಂಚು ಮುರುಟುತ್ತದೆ. ದಿಮ್ಮಿಯ ಕೆಳಗೆ ಎರಡು ಅಡ್ಡಗಟ್ಟಿಗೆ ಕೊಟ್ಟು, ನೆಲದಿಂದ ಒಂದು ಗೇಣು ಎತ್ತರಿಸಿಕೊಂಡೇ ಕೊಯ್ಯಿರಿ.

ಇನ್ನು ಸಾಣೆಯ ಮಾತು. ಇದಕ್ಕೆ ಬೇಕಾದದ್ದು ಮೂಲೆ ಅರವಲ್ಲ, ದುಂಡನೆಯ ಅರ. ಚೈನಿನ ಪಿಚ್ (ಕೊಂಡಿಗಳ ಅಂತರದ ಅಳತೆ) .325 ಇಂಚು ಇದ್ದರೆ 4.8 ಮಿ.ಮೀ. ಅರ, 3/8 ಇಂಚಿನ ಲೋ ಪ್ರೊಫೈಲ್ ಚೈನಾದರೆ 4 ಮಿ.ಮೀ. ಅರ ಸಾಮಾನ್ಯವಾಗಿ ಹೊಂದುತ್ತದೆ; ಪಿಚ್ ಎಷ್ಟೆಂಬುದು ಬಾರಿನ ಬುಡದಲ್ಲಿ ಅಥವಾ ಯಂತ್ರದ ಪುಸ್ತಕದಲ್ಲಿ ಇರುತ್ತದೆ. ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ತೆಗೆದು, ಕೈಗವಸು ಹಾಕಿಕೊಂಡು, ಬಾರನ್ನು ವೈಸಿನಲ್ಲಿ ಬಿಗಿದುಕೊಳ್ಳಿ. ಎಲ್ಲಕ್ಕಿಂತ ಹೆಚ್ಚು ಸವೆದ, ಗಿಡ್ಡನೆಯ ಹಲ್ಲು ಯಾವುದೆಂದು ಹುಡುಕಿ ಅದರಿಂದಲೇ ಆರಂಭಿಸಿ, ಏಕೆಂದರೆ ಉಳಿದ ಹಲ್ಲುಗಳನ್ನೆಲ್ಲ ಅದರ ಉದ್ದಕ್ಕೆ ತರಬೇಕಾಗುತ್ತದೆ. ಅರದ ಐದನೇ ಒಂದು ಪಾಲು ಹಲ್ಲಿನ ಮೇಲ್ತಟ್ಟೆಗಿಂತ ಮೇಲಿರಲಿ. ಬಾರಿಗೆ ಸುಮಾರು 30 ಡಿಗ್ರಿ ಓರೆಯಾಗಿ ಹಲ್ಲಿನ ಒಳಗಿನಿಂದ ಹೊರಕ್ಕೆ ತಳ್ಳಿರಿ. ಹಿಂದಕ್ಕೆ ತರುವಾಗ ಅರವನ್ನು ಎತ್ತಿಕೊಳ್ಳಿ. ಪ್ರತಿ ಹಲ್ಲಿಗೂ ಅಷ್ಟೇ ಸಲ ತಳ್ಳಿರಿ, ಅಂದರೆ ಮೊದಲ ಹಲ್ಲಿಗೆ ನಾಲ್ಕಾದರೆ ಎಲ್ಲಕ್ಕೂ ನಾಲ್ಕು. ಒಂದು ಬದಿಯ ಹಲ್ಲುಗಳನ್ನೆಲ್ಲ ಮುಗಿಸಿದ ಮೇಲೆ ಇನ್ನೊಂದು ಬದಿಗೆ ಬನ್ನಿ. ನಿಮ್ಮ ಕೊಯ್ತ ವಾಲುವುದಕ್ಕೆ ಕಾರಣವೂ ಇಲ್ಲಿಯೇ ಇದೆ: ಬಲಗೈಯವರಿಗೆ ಒಂದು ಬದಿ ಸಲೀಸಾಗಿ ಒದಗುವುದರಿಂದ ಆ ಬದಿಯ ಹಲ್ಲು ಹೆಚ್ಚು ಹರಿತವಾಗಿ, ಚೈನು ಆ ಕಡೆಗೇ ಎಳೆಯುತ್ತದೆ. ಸಾಣೆ ಸರಿಯಿದ್ದೂ ವಾಲಿದರೆ ಬಾರಿನ ಅಂಚು ಒಂದು ಕಡೆ ಸವೆದಿದೆಯೇ ನೋಡಿ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಉಬ್ಬು ಇದೆಯಲ್ಲ, ಹಲ್ಲು ಮರಕ್ಕೆ ಎಷ್ಟು ಆಳ ಕಚ್ಚಬೇಕೆಂಬುದನ್ನು ನಿರ್ಧರಿಸುವುದು ಅದು. ಹಲವು ಚೈನುಗಳಲ್ಲಿ ಅದು ಹಲ್ಲಿನ ಅಂಚಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಹಲವು ಸಲ ಸಾಣೆ ಹಿಡಿದ ಮೇಲೆ ಹಲ್ಲು ಇಳಿದು ಉಬ್ಬು ಮಾತ್ರ ಹಾಗೆಯೇ ಉಳಿದರೆ, ಹಲ್ಲು ಎಷ್ಟೇ ಚೂಪಾಗಿದ್ದರೂ ಕಚ್ಚುವುದಿಲ್ಲ. ಆಗ ಅಳತೆಪಟ್ಟಿ ಇಟ್ಟು ಚಪ್ಪಟೆ ಅರದಿಂದ ಸವರಬೇಕು. ಕಣ್ಣಂದಾಜಿನಲ್ಲಿ ಮನಸ್ಸಿಗೆ ಬಂದಷ್ಟು ಸವರುವವರನ್ನು ನಮ್ಮಲ್ಲಿ ಬೇಕಾದಷ್ಟು ಕಾಣಬಹುದು. ಇದು ಅಪಾಯ. ಉಬ್ಬು ಅತಿಯಾಗಿ ತಗ್ಗಿದರೆ ಹಲ್ಲು ದಪ್ಪನೆಯ ಚಕ್ಕೆಗೆ ಬಾಯಿ ಹಾಕುತ್ತದೆ, ಯಂತ್ರ ಜಗ್ಗುತ್ತದೆ, ಬಾರಿನ ತುದಿಯ ಮೇಲಿನ ಕಾಲು ಭಾಗ ಯಾವುದಕ್ಕಾದರೂ ತಾಗಿದ ಕ್ಷಣದಲ್ಲಿ ಇಡೀ ಯಂತ್ರ ಮುಖದ ಕಡೆಗೆ ಚಿಮ್ಮುತ್ತದೆ. ಚೈನ್ ಬ್ರೇಕ್ ಇರುವುದೇ ಈ ಗಳಿಗೆಗಾಗಿ. ಪ್ರತಿದಿನ ಕೆಲಸಕ್ಕೆ ಮುನ್ನ ಅದು ಹಿಡಿಯುತ್ತದೆಯೇ ಎಂದು ಪರೀಕ್ಷಿಸಿ, ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಪೂರ್ತಿ ಸುತ್ತಿರಲಿ, ಭುಜದಿಂದ ಮೇಲಕ್ಕೆ ಯಂತ್ರ ಎತ್ತಿ ಕೊಯ್ಯಬೇಡಿ.

ಹೊಗೆ ಸೈಲೆನ್ಸರಿನಿಂದಲೇ ಬರುತ್ತಿದ್ದರೆ ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಲೆಕ್ಕ ನೋಡಿ. 50:1 ಎಂದು ಪುಸ್ತಕದಲ್ಲಿದ್ದರೆ ಲೀಟರಿಗೆ 20 ಮಿ.ಲೀ. 2ಟಿ ಎಣ್ಣೆ, 25:1 ಎಂದಿದ್ದರೆ 40 ಮಿ.ಲೀ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ. ಕೆಲಸವಿಲ್ಲದ ದಿನಗಳಲ್ಲಿ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಚೈನಿಗೆ ಟ್ರಾಕ್ಟರಿನಿಂದ ಇಳಿಸಿದ ಹಳೆಯ ಎಣ್ಣೆ ಹಾಕುವ ರೂಢಿಯನ್ನೂ ಬಿಡಬೇಕು. ಅದರಲ್ಲಿರುವ ಲೋಹದ ಪುಡಿ ಎಣ್ಣೆ ಪಂಪನ್ನು ತಿನ್ನುತ್ತದೆ, ಸಿಡಿದ ಎಣ್ಣೆ ನಿಮ್ಮ ಮೈಮೇಲೂ ತೋಟದ ಮಣ್ಣಿಗೂ ಬೀಳುತ್ತದೆ.

ಪ್ರಶ್ನೆ: ಚಳ್ಳಕೆರೆ ಬಳಿ ನಮ್ಮ ಹೊಲದ ಬದುವಿನ ತುಂಬ ಬಳ್ಳಾರಿ ಜಾಲಿ. ಪ್ರತಿ ವರ್ಷ ಕಡಿದರೂ ಮತ್ತೆ ಚಿಗುರುತ್ತದೆ. ಕಡಿದದ್ದು ಇದ್ದಿಲಿಗೆ ಹೋಗುತ್ತದೆ. ಬೇರೆ ಉಪಯೋಗವಿಲ್ಲವೇ? ಕೊಡಲಿ ಕಾವಿಗೆ ಆಗುತ್ತದೆಯೇ?

ಉತ್ತರ: ನೆಲದ ಮೇಲೆ ಬೊಡ್ಡೆ ಬಿಟ್ಟು ಕಡಿಯುವವರೆಗೂ ಅದು ಚಿಗುರುತ್ತಲೇ ಇರುತ್ತದೆ, ಏಕೆಂದರೆ ಅದರ ಮೊಗ್ಗುಗಳಿರುವುದು ಬೇರು ಮತ್ತು ಕಾಂಡ ಕೂಡುವ ಜಾಗದಲ್ಲಿ. ಸುತ್ತ ಮಣ್ಣು ಬಿಡಿಸಿ, ನೆಲಮಟ್ಟದಿಂದ ಸುಮಾರು ಒಂದು ಅಡಿ ಕೆಳಗೆ ಬೇರನ್ನೇ ಕಡಿಯಬೇಕು. ಮೇಲಿನ ಉತ್ತರವನ್ನು ಓದಿದವರಿಗೆ ತಿಳಿದೀತು, ಮಣ್ಣಿನೊಳಗಿನ ಈ ಕೆಲಸ ಚೈನ್ ಸಾಗೆ ಸೇರಿದ್ದಲ್ಲ. ಗುದ್ದಲಿ, ಹಾರೆ, ಹಳೆಯ ಕೊಡಲಿಯೇ ಸರಿ. ಬಾಗಿ ಬೆಳೆದ ಕೊಂಬೆಗಳು ಬಿಗಿದ ಬಿಲ್ಲಿನಂತೆ ಇರುವುದರಿಂದ ಬಾಗಿನ ಒಳಮೈಯಲ್ಲಿ ಮೊದಲು ಸಣ್ಣ ಗಾಯ ಮಾಡಿ, ಆಮೇಲೆ ಹೊರಮೈಯಿಂದ ಕೊಯ್ಯಿರಿ.

ಮರ ಮಾತ್ರ ನಾವು ತಿಳಿದಷ್ಟು ಕೀಳಲ್ಲ. ಅಮೆರಿಕ ಖಂಡದಿಂದ ಬಂದ ಈ ಮರದ ಚೇಗು (ಕಾಂಡದ ಒಳಗಿನ ಗಟ್ಟಿ ಭಾಗ) ಕಂದುಗೆಂಪು, ಗಟ್ಟಿ, ಒಣಗುವಾಗ ಬಹಳ ಕಡಿಮೆ ಕುಗ್ಗುತ್ತದೆ. ಈ ಒಂದು ಗುಣದಲ್ಲಿ ಅದು ಎಷ್ಟೋ ಬೆಲೆಬಾಳುವ ಮರಗಳನ್ನು ಮೀರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ನೇರವಾದ ಉದ್ದ ತುಂಡು ಸಿಗುವುದಿಲ್ಲವೆಂಬುದೇ ತೊಡಕು. ಆದ್ದರಿಂದ ಎರಡು ಅಡಿಯೊಳಗಿನ ಕೆಲಸ ಆರಿಸಿಕೊಳ್ಳಿ: ಮಣೆ, ಗಿಡ್ಡ ಸ್ಟೂಲು, ಉಳಿಯ ಹಿಡಿ, ಕೊಡತಿ. ಕೊಡಲಿ ಕಾವಿಗೆ ಬೇಡ. ಕಾವಿನಲ್ಲಿ ಎಳೆ ಈ ತುದಿಯಿಂದ ಆ ತುದಿಗೆ ಹರಿದಿರಬೇಕು. ಬಳ್ಳಾರಿ ಜಾಲಿಯ ಎಳೆ ನಡುವೆಯೇ ಪಕ್ಕಕ್ಕೆ ಹೊರಳುವುದರಿಂದ ಏಟಿಗೆ ಮುರಿಯುತ್ತದೆ. ನಿಮ್ಮ ಬದುವಿನಲ್ಲೇ ನಾಟಿ ಕರಿಜಾಲಿ ಇದ್ದರೆ ಅದರ ನೇರ ಕೊಂಬೆ ಉತ್ತಮ. ದಿಂಡಿಗ ಇನ್ನೂ ಉತ್ತಮ, ಆದರೆ ಜೋಗಿಮಟ್ಟಿಯಂಥ ಕಾಡಿಗೆ ಅದಕ್ಕಾಗಿ ಕೈ ಹಾಕುವಂತಿಲ್ಲ.

ಪ್ರಶ್ನೆ: ದಾವಣಗೆರೆಯ ನಮ್ಮ ಮನೆಯ ಹಿತ್ತಲಿನ ಬೇವಿನ ಮರ ಗಾಳಿಗೆ ಬಿದ್ದಿತು. ಸಾಮಿಲ್ಲಿನಲ್ಲಿ ಕೊಯ್ಸಿ ತಂದ ಹಲಗೆಗಳು ಬಿಸಿಲಿಗೆ ಇಟ್ಟ ವಾರದೊಳಗೆ ತುದಿಯಲ್ಲಿ ಸೀಳಿವೆ. ಪುಸ್ತಕದ ಕಪಾಟು ಮಾಡಬಹುದೇ?

ಉತ್ತರ: ಮಾಡಬಹುದು, ಆದರೆ ಇಂದೇ ಬಿಸಿಲಿನಿಂದ ತೆಗೆಯಿರಿ. ಹಲಗೆಯ ತೇವ ಮೈಯಿಗಿಂತ ತುದಿಗಳಿಂದ ಬಹು ಬೇಗ ಹೊರಡುತ್ತದೆ. ತುದಿ ಕುಗ್ಗುತ್ತದೆ, ನಡುಭಾಗ ಕುಗ್ಗುವುದಿಲ್ಲ, ಸೀಳು ಬಿಡುತ್ತದೆ. ಸೀಳಿದಷ್ಟನ್ನು ಕತ್ತರಿಸಿ, ಹೊಸ ತುದಿಗಳಿಗೆ ಆಯಿಲ್ ಪೇಂಟ್ ಎರಡು ಕೈ ಬಳಿಯಿರಿ. ಗಾಳಿಯಾಡುವ ನೆರಳಿನಲ್ಲಿ, ನೆಲದಿಂದ ಒಂದು ಅಡಿ ಮೇಲೆ, ಎರಡೆರಡು ಹಲಗೆಗಳ ನಡುವೆ ಒಂದು ಇಂಚಿನ ಒಣ ರೀಪುಗಳನ್ನಿಟ್ಟು ಪೇರಿಸಿ. ಮೇಲಿನಿಂದ ಕೆಳಗಿನವರೆಗೆ ರೀಪುಗಳು ಒಂದೇ ಸಾಲಿನಲ್ಲಿರಬೇಕು, ಇಲ್ಲವಾದರೆ ಹಲಗೆ ಅಲ್ಲಲ್ಲಿ ಬಾಗುತ್ತದೆ. ಮೇಲೆ ಚಪ್ಪಡಿ ಕಲ್ಲಿನ ಭಾರ ಹೇರಿ. ಒಣಗಿತೇ ಎಂದು ತಿಳಿಯಲು ಒಂದು ತುಂಡನ್ನು ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಮಾತ್ರ ಬಡಗಿಯನ್ನು ಕರೆಯಿರಿ.

ಬೇವಿಗೆ ಹುಳು ಬೀಳದು ಎಂಬ ನಂಬಿಕೆ ಚೇಗಿನ ಮಟ್ಟಿಗೆ ಬಹುಪಾಲು ನಿಜ. ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹುಳು ಬೀಳುತ್ತದೆ. ಲೀಟರ್ ನೀರಿಗೆ 30 ಗ್ರಾಂ ಬೋರಾಕ್ಸ್, 20 ಗ್ರಾಂ ಬೋರಿಕ್ ಆಮ್ಲ ಕರಗಿಸಿ ಹಸಿ ಹಲಗೆಗೆ ಹಚ್ಚಬಹುದು. ಮಳೆ ನೀರಿಗೆ ಇದು ತೊಳೆದುಹೋಗುವುದರಿಂದ ಮನೆಯೊಳಗಿನ ಸಾಮಾನಿಗೆ ಮಾತ್ರ. ಬಿದ್ದ ಮರದ ಮಾತು ಬೇರೆ. ನಿಂತ ಬೇವನ್ನು ಕಡಿಯುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳುವುದು ಒಳ್ಳೆಯದು.

ಪ್ರಶ್ನೆ: ಹಿರಿಯೂರಿನ ದಾಳಿಂಬೆ ತೋಟದಲ್ಲಿ ಚಾಟನಿ (ಕೊಂಬೆ ಸವರುವುದು) ಮಾಡಲು ಸಣ್ಣ ಚೈನ್ ಸಾ ಕೊಳ್ಳಬೇಕೆಂದಿದ್ದೇನೆ. ಯಾವುದು ಒಳ್ಳೆಯದು?

ಉತ್ತರ: ಯಾವುದೂ ಬೇಡ. ಬೆರಳು ಗಾತ್ರದ ಕೊಂಬೆಗೆ ಚಾಟನಿ ಕತ್ತರಿ, ಅದಕ್ಕಿಂತ ದಪ್ಪನೆಯದಕ್ಕೆ ಎಳೆದಾಗ ಕೊಯ್ಯುವ ಮಡಿಚುವ ಕೈಗರಗಸ ಸಾಕು. ಚೈನು ಮಾಡುವ ತರಿತರಿ ಗಾಯ ಬೇಗ ಮಾಯುವುದಿಲ್ಲ. ದುಂಡಾಣು ಅಂಗಮಾರಿ ರೋಗ ಇರುವ ತೋಟದಲ್ಲಿ ಗಿಡದಿಂದ ಗಿಡಕ್ಕೆ ಹೋಗುವಾಗ ಅಲಗನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕಾಗುತ್ತದೆ. ಕತ್ತರಿಯನ್ನು ಅದ್ದಬಹುದು, ಎಣ್ಣೆ ಸುರಿಯುವ ಚೈನನ್ನು ಅದ್ದುವುದು ಹೇಗೆ? ಎರಡು ಕತ್ತರಿ ಇಟ್ಟುಕೊಂಡರೆ ಒಂದು ದ್ರಾವಣದಲ್ಲಿರುವಾಗ ಇನ್ನೊಂದರಿಂದ ಕೆಲಸ ಸಾಗುತ್ತದೆ. ಸಂಜೆ ಎರಡನ್ನೂ ತೊಳೆದು, ಒರೆಸಿ, ಎಣ್ಣೆ ಸವರಿಡಿ. ಆ ದ್ರಾವಣಕ್ಕೆ ಉಕ್ಕು ಬಹು ಬೇಗ ತುಕ್ಕು ಹಿಡಿಯುತ್ತದೆ.