ಆರು ಜನ, ಐದು ರಾತ್ರಿ, ಆರ್ಲ್ಯಾಂಡೊ: ಕಡಿಮೆ ಖರ್ಚಿನಲ್ಲಿ ಎಲ್ಲಿ ಉಳಿಯುವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ನೀವಿಬ್ಬರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ಊರಿಂದ ಬಂದಿರುವ ಅಪ್ಪ ಅಮ್ಮ. ಫ್ಲೋರಿಡಾದ ಆರ್ಲ್ಯಾಂಡೊದಲ್ಲಿ ಐದು ರಾತ್ರಿ, ಮುಖ್ಯವಾಗಿ ಡಿಸ್ನಿ ವರ್ಲ್ಡ್‌ನ ಥೀಮ್ ಪಾರ್ಕುಗಳು. ಒಳಗೇ ಇರುವ ಡಿಸ್ನಿಯವರದೇ ಹೋಟೆಲಿನಲ್ಲಿ ಉಳಿಯಬೇಕಾ, ಹೊರಗೆ ಅಗ್ಗದ್ದು ಹಿಡಿಯಬೇಕಾ?

ನಾನಾಗಿದ್ದರೆ ಹೊರಗೆ ಹಿಡಿಯುತ್ತಿದ್ದೆ. ಆದರೆ ಬುಕಿಂಗ್ ವೆಬ್‌ಸೈಟಿನಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಅಗ್ಗದ ಹೋಟೆಲನ್ನಲ್ಲ. ಎರಡು ಬೆಡ್‌ರೂಮು, ಎರಡು ಬಾತ್‌ರೂಮು, ಅಡುಗೆಮನೆ ಇರುವ ಕಾಂಡೊ, ಅಂದರೆ ಬಾಡಿಗೆಗೆ ಸಿಗುವ ಫ್ಲಾಟು, ಜೊತೆಗೆ ಬಾಡಿಗೆ ಮಿನಿವ್ಯಾನ್. ಕಾರು ಓಡಿಸಲು ಮನಸ್ಸಿಲ್ಲ ಎಂದಾದರೆ ಮಾತ್ರ ಡಿಸ್ನಿ ಹೋಟೆಲ್. ಯಾಕೆ ಅಂತ ಹೇಳುತ್ತೇನೆ.

ರೂಮಿನ ಬಾಡಿಗೆ ನೋಡಿ ತೀರ್ಮಾನಿಸಿದರೆ ಲೆಕ್ಕ ತಪ್ಪುತ್ತದೆ. ಒಂದು ದಿನಕ್ಕೆ ಒಟ್ಟು ಎಷ್ಟು ಬೀಳುತ್ತದೆ ಅಂತ ನೋಡಬೇಕು. ಹೊರಗಿನ ಎಷ್ಟೋ ಹೋಟೆಲುಗಳಲ್ಲಿ ಬಾಡಿಗೆಯ ಮೇಲೆ ರೆಸಾರ್ಟ್ ಫೀ ಅಂತ ಇನ್ನೊಂದು ಮೊತ್ತ ಇರುತ್ತದೆ. ಕೆಲವು ಕಡೆ ಹೋಟೆಲಿನಲ್ಲಿ ಕಾರು ನಿಲ್ಲಿಸಲೂ ರಾತ್ರಿಗೆ ಇಷ್ಟು ಅಂತ ಕೊಡಬೇಕು. ಅದಾದ ಮೇಲೆ ತೆರಿಗೆ. ಆರ್ಲ್ಯಾಂಡೊ ಇರುವ ಆರೆಂಜ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಉಳಿದರೆ 12.5%, ಪಕ್ಕದ ಕಿಸಿಮಿ ಊರು ಇರುವ ಆಸಿಯೋಲಾ ಕೌಂಟಿಯಲ್ಲಿ 13.5%. ಮೊದಲು ಈ ರೆಸಾರ್ಟ್ ಫೀಯನ್ನು ಕೊನೆಯ ಪುಟದವರೆಗೂ ಅಡಗಿಸಿಡುತ್ತಿದ್ದರು. 2025ರ ಮೇ ತಿಂಗಳಿಂದ ಅಮೆರಿಕದಲ್ಲಿ ಹೊಸ ನಿಯಮ ಬಂದಿದೆ. ಕಡ್ಡಾಯ ಫೀ ಏನಿದ್ದರೂ ಮೊದಲೇ ತೋರಿಸುವ ಬೆಲೆಯಲ್ಲಿ ಸೇರಿಸಲೇಬೇಕು. ಆದರೆ ತೆರಿಗೆಯನ್ನು ಕೊನೆಗೆ ಸೇರಿಸಬಹುದು, ಪಾರ್ಕಿಂಗ್ ಬೇರೆ ಇರಬಹುದು. ಹಾಗಾಗಿ ಕಾರ್ಡ್ ನಂಬರ್ ಕೇಳುವ ಪುಟದವರೆಗೂ ಹೋಗಿ, ಅಲ್ಲಿ ಕಾಣುವ ಮೊತ್ತವನ್ನಷ್ಟೇ ಬರೆದಿಟ್ಟುಕೊಳ್ಳಿ.

ಡಿಸ್ನಿ ಹೋಟೆಲುಗಳಲ್ಲಿ ರೆಸಾರ್ಟ್ ಫೀ ಇಲ್ಲ. ಅಲ್ಲಿ ಉಳಿದವರಿಗೆ ಹೋಟೆಲಿನಲ್ಲೂ ಪಾರ್ಕುಗಳಲ್ಲೂ ಕಾರ್ ಪಾರ್ಕಿಂಗ್ ಫ್ರೀ. ಹೊರಗಿಂದ ಬಂದರೆ ಪಾರ್ಕಿನಲ್ಲಿ ದಿನಕ್ಕೆ ಕನಿಷ್ಠ 30 ಡಾಲರ್. ನಾಲ್ಕು ದಿನ ಹೋದರೆ ಕನಿಷ್ಠ 120 ಆಯಿತು. ಇದನ್ನು ಹೊರಗಿನ ಹೋಟೆಲಿನ ಲೆಕ್ಕಕ್ಕೆ ಸೇರಿಸಿಯೇ ಹೋಲಿಸಿ. ನಾಲ್ಕು ಜನರ ಕುಟುಂಬವಾದರೆ ಇಷ್ಟಕ್ಕೇ ತಕ್ಕಡಿ ಡಿಸ್ನಿ ಕಡೆ ವಾಲುವುದುಂಟು. ಡಿಸ್ನಿಯ ಅಗ್ಗದ ಹೋಟೆಲುಗಳಾದ ಪಾಪ್ ಸೆಂಚುರಿ ಅಥವಾ ಆಲ್ ಸ್ಟಾರ್‌ನಲ್ಲಿ ಒಂದು ರೂಮು ಹಿಡಿದರೆ, ಪಾರ್ಕಿಗೆ ಡಿಸ್ನಿಯ ಬಸ್ಸೇ ಇರುವುದರಿಂದ ಕಾರೇ ಬೇಕಿಲ್ಲ.

ನಿಮ್ಮ ತೊಂದರೆ ಬೇರೆ. ಡಿಸ್ನಿಯ ಅಗ್ಗದ ಹೋಟೆಲುಗಳಲ್ಲಿ ಸಾಮಾನ್ಯ ರೂಮಿಗೆ ನಾಲ್ಕೇ ಜನ. ಮೂರು ವರ್ಷದೊಳಗಿನ ಮಗು ತೊಟ್ಟಿಲಲ್ಲಿ ಮಲಗಿದರೆ ಲೆಕ್ಕಕ್ಕಿಲ್ಲ. ನಿಮ್ಮ ಮಗನಿಗೆ ನಾಲ್ಕು, ಅವನು ಲೆಕ್ಕಕ್ಕೆ ಬರುತ್ತಾನೆ. ರೂಮು ಕೂಡ ಸುಮಾರು 260 ಚದರಡಿ. ಆರು ಸೂಟ್‌ಕೇಸು ಬಿಚ್ಚಿಟ್ಟರೆ ಓಡಾಡಲು ಜಾಗ ಇರುವುದಿಲ್ಲ. ಆರು ಜನರಿಗೆ ಅಂತ ಫ್ಯಾಮಿಲಿ ಸೂಟ್ ಸಿಗುವುದು ಆಲ್ ಸ್ಟಾರ್ ಮ್ಯೂಸಿಕ್ ಮತ್ತು ಆರ್ಟ್ ಆಫ್ ಆ್ಯನಿಮೇಷನ್ ಹೋಟೆಲುಗಳಲ್ಲಿ. ಎರಡು ಬಾತ್‌ರೂಮು, ಮೈಕ್ರೊವೇವ್, ಸಣ್ಣ ಫ್ರಿಜ್ ಇರುತ್ತವೆ. ಒಲೆ ಇರುವುದಿಲ್ಲ. ಆರ್ಟ್ ಆಫ್ ಆ್ಯನಿಮೇಷನ್ ಸೂಟುಗಳ ಅಲಂಕಾರ ಮಕ್ಕಳಿಗೆ ಹುಚ್ಚು ಹಿಡಿಸುವ ಹಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಎಷ್ಟೋ ತಾರೀಕುಗಳಲ್ಲಿ ಆ ಒಂದು ಸೂಟಿನ ಬೆಲೆಗೆ ಪಕ್ಕದ ಪಾಪ್ ಸೆಂಚುರಿಯಲ್ಲಿ ಎರಡು ರೂಮೇ ಬಂದುಬಿಡುತ್ತವೆ, ಮೇಲೆ ಸ್ವಲ್ಪ ಹಣವೂ ಉಳಿಯುತ್ತದೆ. ಸೂಟಿನ ಬೆಲೆ ನೋಡಿ ಬೆಚ್ಚಿಬೀಳುವ ಮೊದಲು ಎರಡು ರೂಮಿನ ಬೆಲೆಯನ್ನೂ ನೋಡಿ. ಒಳಗಿನಿಂದಲೇ ಬಾಗಿಲಿರುವ ಅಕ್ಕಪಕ್ಕದ ರೂಮುಗಳು ಬೇಕು ಅಂತ ಬುಕ್ ಮಾಡುವಾಗಲೇ ಕೇಳಿ, ಕೇಳಿದ್ದು ಬುಕಿಂಗಿನಲ್ಲಿ ಬರೆದಿದೆಯಾ ನೋಡಿಕೊಳ್ಳಿ. ಅಪ್ಪ ಅಮ್ಮ ಬೇರೆ ಮಹಡಿಯಲ್ಲಿ, ನೀವು ಬೇರೆ ಮಹಡಿಯಲ್ಲಿ ಆದರೆ ಮಕ್ಕಳನ್ನು ಅತ್ತಿತ್ತ ಸಾಗಿಸುವುದೇ ಕೆಲಸ.

ಬಾತ್‌ರೂಮಿನ ಬಗ್ಗೆ ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಪಾರ್ಕಿನಲ್ಲಿ ಬೆಲೆಬಾಳುವುದು ಬೆಳಗಿನ ಹೊತ್ತು. ಗೇಟು ತೆರೆದ ಮೊದಲ ಒಂದೂವರೆ ಗಂಟೆಯಲ್ಲಿ ಕ್ಯೂ ಚಿಕ್ಕದಿರುತ್ತದೆ. ಹನ್ನೊಂದರ ಮೇಲೆ ಅದೇ ರೈಡಿಗೆ ಗಂಟೆಗಟ್ಟಲೆ ನಿಲ್ಲಬೇಕಾಗಬಹುದು. ಆರು ಜನ ಒಂದೇ ಬಾತ್‌ರೂಮಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಸ್ನಾನ ಮುಗಿಸಿ ಹೊರಡುವ ಹೊತ್ತಿಗೆ ಆ ಚಿನ್ನದ ಹೊತ್ತು ಹೋಗಿರುತ್ತದೆ. ಟಿಕೆಟಿಗೆ ಕೊಟ್ಟ ದುಡ್ಡಿನ ಮುಂದೆ ಇನ್ನೊಂದು ಬಾತ್‌ರೂಮಿಗೆ ಕೊಡುವ ಹೆಚ್ಚುವರಿ ಏನೂ ಅಲ್ಲ. ಡಿಸ್ನಿ ಹೋಟೆಲಿನವರಿಗೆ ಎಲ್ಲ ಪಾರ್ಕುಗಳಿಗೂ ದಿನಾ ಅರ್ಧ ಗಂಟೆ ಮುಂಚೆ ಪ್ರವೇಶ ಇದೆ, ಅದು ನಿಜವಾದ ಲಾಭ. ಡಿಸ್ನಿಯ ಅಂಗಡಿ ಬೀದಿಯಾದ ಡಿಸ್ನಿ ಸ್ಪ್ರಿಂಗ್ಸ್ ಸುತ್ತಲಿನ ಕೆಲವು ಬೇರೆ ಕಂಪನಿಗಳ ಹೋಟೆಲುಗಳಿಗೂ ಈ ಸವಲತ್ತು ಸಿಕ್ಕಿದೆ. ನಿಮ್ಮ ತಾರೀಕಿಗೆ ಅದು ಜಾರಿಯಲ್ಲಿದೆಯಾ ಅಂತ ಬುಕ್ ಮಾಡುವ ಮೊದಲು ನೋಡಿ. ಆದರೆ ಏಳೂವರೆಗೆ ಎಲ್ಲರನ್ನೂ ಬಾಗಿಲಾಚೆ ಹೊರಡಿಸಲು ಆಗದ ಮನೆಯವರಿಗೆ ಅದು ಸುಮ್ನೆ ಹೆಸರಿಗಷ್ಟೇ.

ಈಗ ದೂರದ ವಿಷಯ. ಜಾಹೀರಾತಿನಲ್ಲಿ 'ಡಿಸ್ನಿಗೆ ಒಂದೂವರೆ ಮೈಲಿ' ಅಂತ ಬರೆದಿರುತ್ತಾರೆ. ಡಿಸ್ನಿ ವರ್ಲ್ಡ್ ಅಂದರೆ ಒಂದು ಪಾರ್ಕಲ್ಲ. ಹತ್ತಿರ ಹತ್ತಿರ 40 ಚದರ ಮೈಲಿಯ ಜಾಗ, ನಾಲ್ಕು ಪಾರ್ಕು, ಎರಡು ವಾಟರ್ ಪಾರ್ಕು. ಆ ಒಂದೂವರೆ ಮೈಲಿ ಬೇಲಿಗೆ. ಅಲ್ಲಿಂದ ಪಾರ್ಕಿಗೆ ಇನ್ನೂ ಎಷ್ಟೋ ದೂರ ಇರಬಹುದು. ಮ್ಯಾಪಿನಲ್ಲಿ ಹೋಟೆಲಿನಿಂದ ನೀವು ಹೋಗುವ ಪಾರ್ಕಿನ ಪಾರ್ಕಿಂಗ್ ಜಾಗಕ್ಕೆ ಬೆಳಗ್ಗೆ ಎಂಟು ಗಂಟೆಗೆ ಎಷ್ಟು ಹೊತ್ತು ಬೇಕು ಅಂತ ಹಾಕಿ ನೋಡಿ.

ಆ ನಾಲ್ಕರಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ ಅದೂ ಸಾಲದು. ಅದರ ಕಾರ್ ಪಾರ್ಕಿಂಗ್ ಗೇಟಿನ ಎದುರಿಗಿಲ್ಲ, ದೊಡ್ಡ ಕೆರೆಯ ಈ ದಡದಲ್ಲಿದೆ. ಕಾರು ನಿಲ್ಲಿಸಿ, ಟ್ರಾನ್ಸ್‌ಪೋರ್ಟೇಶನ್ ಆ್ಯಂಡ್ ಟಿಕೆಟ್ ಸೆಂಟರ್ ಅನ್ನುವ ಜಾಗಕ್ಕೆ ನಡೆದು, ಬ್ಯಾಗ್ ತಪಾಸಣೆ ಮುಗಿಸಿ, ಅಲ್ಲಿಂದ ಮೊನೊರೈಲ್ ಅಥವಾ ಫೆರ್ರಿ ಹತ್ತಬೇಕು. ಆಚೆ ದಡದಲ್ಲಿ ಇಳಿದ ಮೇಲೆ ಗೇಟು. ಮಗು, ಸ್ಟ್ರಾಲರ್ (ಮಗುವನ್ನು ತಳ್ಳುವ ಗಾಡಿ), ವಯಸ್ಸಾದವರು ಎಲ್ಲ ಸೇರಿ ಇದಕ್ಕೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಡಿಸ್ನಿ ಹೋಟೆಲಿನ ಬಸ್ಸಾದರೆ ನೇರ ಗೇಟಿನ ಹತ್ತಿರ ಇಳಿಸುತ್ತದೆ. ಹೊರಗಿನ ಹೋಟೆಲುಗಳ 'ಫ್ರೀ ಶಟಲ್' ಕೂಡ ಸಾಮಾನ್ಯವಾಗಿ ಆ ಟಿಕೆಟ್ ಸೆಂಟರಿಗೇ ತಂದು ಬಿಡುತ್ತದೆ.

ಶಟಲ್ ಅಂದೆನಲ್ಲ, ಅದನ್ನು ನಂಬಿಕೊಂಡು ಹೋಟೆಲ್ ಹಿಡಿಯಬೇಡಿ. ನಾವು ಒಮ್ಮೆ ಉಳಿದಿದ್ದ ಕಡೆ ಬೆಳಗ್ಗೆ ಎರಡು ಗಾಡಿ, ರಾತ್ರಿ ಎರಡು ಗಾಡಿ ಅಷ್ಟೇ. ಸೀಟಿಗೆ ಹಿಂದಿನ ದಿನವೇ ಕೌಂಟರಿನಲ್ಲಿ ಹೆಸರು ಬರೆಸಬೇಕು. ದಾರಿಯಲ್ಲಿ ಇನ್ನೂ ಮೂರ್ನಾಲ್ಕು ಹೋಟೆಲುಗಳ ಮುಂದೆ ನಿಲ್ಲುತ್ತಿತ್ತು. ಮಧ್ಯಾಹ್ನ ಮಕ್ಕಳು ಅತ್ತರೆ ವಾಪಸ್ಸು ಬರಲು ದಾರಿ ಇಲ್ಲ. ಟ್ಯಾಕ್ಸಿ ಕರೆದರೆ ಉಳಿಸಿದ ದುಡ್ಡು ಅಲ್ಲಿಗೇ ಹೋಯಿತು. ಶಟಲ್ ಹೊತ್ತಿನ ಪಟ್ಟಿಯನ್ನು ಇಮೇಲಿನಲ್ಲಿ ಕಳಿಸಿ ಅಂತ ಹೋಟೆಲಿಗೇ ಕೇಳಿ. ಕಳಿಸದಿದ್ದರೆ ಶಟಲ್ ಇಲ್ಲ ಅಂತಲೇ ತಿಳಿದುಕೊಳ್ಳಿ.

ನಿಮ್ಮ ವಿಷಯದಲ್ಲಿ ಮಧ್ಯಾಹ್ನದ ವಾಪಸ್ಸೇ ಎಲ್ಲಕ್ಕಿಂತ ದೊಡ್ಡ ಮಾತು. ಫ್ಲೋರಿಡಾ ಬಿಸಿಲಿನಲ್ಲಿ ನಾಲ್ಕು ವರ್ಷದವನೂ ಅಜ್ಜ ಅಜ್ಜಿಯೂ ಸರಿಸುಮಾರು ಒಂದೇ ಹೊತ್ತಿಗೆ ಸುಸ್ತಾಗುತ್ತಾರೆ. ಒಂದು ಗಂಟೆಗೆ ವಾಪಸ್ಸು ಬಂದು, ಮಲಗಿ, ಐದಕ್ಕೆ ಮತ್ತೆ ಹೋದರೆ ರಾತ್ರಿಯ ಪಟಾಕಿ ಆಟದವರೆಗೂ ಎಲ್ಲರೂ ನಗುನಗುತ್ತಾ ಇರುತ್ತಾರೆ. ಅದಕ್ಕೇ ಸ್ವಂತ ಗಾಡಿ ಬೇಕು ಅನ್ನುವುದು. ಅದಕ್ಕೇ ಪಾರ್ಕಿನಿಂದ ಇಪ್ಪತ್ತು ನಿಮಿಷಕ್ಕಿಂತ ದೂರ ಹೋಗಬೇಡಿ ಅನ್ನುವುದು. ಸ್ವಲ್ಪ ದೂರದ ಡೇವನ್‌ಪೋರ್ಟ್ ಊರಿನ ಕಡೆ ಈಜುಕೊಳ ಇರುವ ದೊಡ್ಡ ದೊಡ್ಡ ಮನೆಗಳು ಒಳ್ಳೆ ಬೆಲೆಗೆ ಸಿಗುತ್ತವೆ, ಆಸೆಯಾಗುತ್ತದೆ. ಹತ್ತು ಹನ್ನೆರಡು ಜನ, ಒಂದು ವಾರ ಆದರೆ ಅದನ್ನೇ ಹಿಡಿಯಿರಿ ಅನ್ನುತ್ತಿದ್ದೆ. ಆದರೆ ಇಂಟರ್‌ಸ್ಟೇಟ್ 4 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ದಿನಕ್ಕೆ ಎರಡು ಸಲ ಹೋಗಿ ಬರಲು ಆಗುವುದಿಲ್ಲ. ಕ್ಲೀನಿಂಗ್ ಫೀ ಕೂಡ ಎಷ್ಟು ರಾತ್ರಿ ಇದ್ದರೂ ಒಂದೇ. ಐದು ರಾತ್ರಿಗೆ ಹಂಚಿದರೆ ಭಾರವೇ. ಚಳಿಗಾಲದಲ್ಲಿ ಕೊಳದ ನೀರು ಬೆಚ್ಚಗೆ ಮಾಡಲು ಬೇರೆ ದುಡ್ಡು ಕೇಳುತ್ತಾರೆ.

ಹಾಗಾಗಿ ಡಿಸ್ನಿ ಪಕ್ಕದ ಲೇಕ್ ಬ್ಯೂನಾ ವಿಸ್ಟಾ ಸುತ್ತ, ಇಲ್ಲವೇ ಹೈವೇ 192ರ ಡಿಸ್ನಿ ಕಡೆಯ ತುದಿಯಲ್ಲಿ ಹುಡುಕಿ. ಅಲ್ಲಿ ಟೈಮ್‌ಶೇರ್ ಕಂಪನಿಗಳ (ಒಂದೇ ಫ್ಲಾಟನ್ನು ವರ್ಷಕ್ಕೆ ಇಷ್ಟು ದಿನ ಅಂತ ಹಲವರಿಗೆ ಮಾರುವವರ) ಕಾಂಡೊಗಳನ್ನು ಹೋಟೆಲ್ ಹಾಗೆ ದಿನದ ಬಾಡಿಗೆಗೆ ಕೊಡುತ್ತಾರೆ. ಎರಡು ಬೆಡ್‌ರೂಮು, ನಡುಮನೆಯಲ್ಲಿ ಸೋಫಾ ಬೆಡ್, ನಿಜವಾದ ಒಲೆ, ದೊಡ್ಡ ಫ್ರಿಜ್, ಎಷ್ಟೋ ಕಡೆ ಒಳಗೇ ಬಟ್ಟೆ ಒಗೆಯುವ ಮಷಿನ್. ಅಪ್ಪ ಅಮ್ಮನಿಗೆ ಬಾಗಿಲು ಹಾಕಿಕೊಳ್ಳುವ ರೂಮು ಸಿಗುತ್ತದೆ. ಬೆಳಗಿನ ತಿಂಡಿ ಅಲ್ಲೇ ಆಗುತ್ತದೆ. ಮಧ್ಯಾಹ್ನಕ್ಕೆ ಕಟ್ಟಿಕೊಂಡೂ ಹೋಗಬಹುದು. ಡಿಸ್ನಿ ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುತ್ತಾರೆ, ಗಾಜಿನ ಪಾತ್ರೆ ಮತ್ತು ಮದ್ಯ ಮಾತ್ರ ಇಲ್ಲ. ತಣ್ಣೀರು ಕೌಂಟರಿನಲ್ಲಿ ಕೇಳಿದರೆ ಲೋಟದಲ್ಲಿ ಫ್ರೀಯಾಗಿ ಕೊಡುತ್ತಾರೆ. ಆರು ಜನಕ್ಕೆ ದಿನಕ್ಕೆ ಒಂದು ಹೊತ್ತಿನ ಊಟ ಉಳಿದರೂ ಪಾರ್ಕಿಂಗ್ ದುಡ್ಡು ಹುಟ್ಟಿತು, ಅಲ್ವಾ?

ಒಂದು ಎಚ್ಚರಿಕೆ. ಇಂಥ ಕಡೆ ಚೆಕಿನ್ ಮಾಡುವಾಗ ಪಕ್ಕದ ಮೇಜಿಗೆ ಕಳಿಸುತ್ತಾರೆ. ಪಾರ್ಕಿಂಗ್ ಪಾಸ್ ಕೊಡುವವರು ಅಂತ ನೀವು ಅಂದುಕೊಳ್ಳುತ್ತೀರಿ. ಅವರು 'ಒಂದೂವರೆ ಗಂಟೆ ಕೂತರೆ ಸಾಕು, ಪಾರ್ಕ್ ಟಿಕೆಟಿಗೆ ಡಿಸ್ಕೌಂಟ್' ಅನ್ನುತ್ತಾರೆ. ಅದು ಟೈಮ್‌ಶೇರ್ ಮಾರುವ ಮಾತುಕತೆ. ಒಂದೂವರೆ ಗಂಟೆಗೆ ಮುಗಿಯುವುದು ಕಡಿಮೆ. ನಗುತ್ತಾ 'ಬೇಡ' ಅಂದು ಲಿಫ್ಟ್ ಹತ್ತಿ.

ಗಾಡಿಯ ಬಗ್ಗೆ ಎರಡೇ ಮಾತು. ಫ್ಲೋರಿಡಾದಲ್ಲಿ ಐದು ವರ್ಷದವರೆಗಿನ ಮಕ್ಕಳಿಗೆ ಕಾರ್ ಸೀಟ್ ಅಥವಾ ಬೂಸ್ಟರ್ ಕಡ್ಡಾಯ, ಮನೆಯಿಂದಲೇ ತಂದರೆ ಬಾಡಿಗೆ ಉಳಿಯುತ್ತದೆ. ಏರ್‌ಪೋರ್ಟಿನಿಂದ ಡಿಸ್ನಿ ಕಡೆಗೆ ಟೋಲ್ ರಸ್ತೆಗಳಿವೆ. ಕಾರು ಕಂಪನಿಯ ಟೋಲ್ ಪ್ಲಾನ್ ತೆಗೆದುಕೊಳ್ಳುವ ಬದಲು ಆರ್ಲ್ಯಾಂಡೊ ಏರ್‌ಪೋರ್ಟಿನಲ್ಲಿ ಸಿಗುವ ವಿಸಿಟರ್ ಟೋಲ್ ಪಾಸ್ ತೆಗೆದುಕೊಳ್ಳಿ.

ಕಾರು ಬೇಡವೇ ಬೇಡ ಅನ್ನುವುದಾದರೆ ಪಾಪ್ ಸೆಂಚುರಿಯಲ್ಲಿ ಎರಡು ರೂಮು. ಆಲ್ ಸ್ಟಾರ್‌ಗಿಂತ ಸ್ವಲ್ಪ ಜಾಸ್ತಿ ಆದರೂ ಅದನ್ನೇ ಹೇಳುತ್ತೇನೆ, ಕಾರಣ ಸ್ಕೈಲೈನರ್. 2019ರಲ್ಲಿ ಶುರುವಾದ ಈ ಕೇಬಲ್ ಕಾರು ಅಲ್ಲಿಂದ ಎಪ್ಕಾಟ್ ಪಾರ್ಕಿಗೂ ಹಾಲಿವುಡ್ ಸ್ಟುಡಿಯೋಸ್ ಪಾರ್ಕಿಗೂ ಹೋಗುತ್ತದೆ, ನಡುವೆ ಕೆರಿಬಿಯನ್ ಬೀಚ್ ಹೋಟೆಲಿನ ಸ್ಟೇಷನ್ನಿನಲ್ಲಿ ಒಮ್ಮೆ ಬದಲಿಸಬೇಕು. ಸ್ಟ್ರಾಲರ್ ಮಡಚದೆ ತಳ್ಳಿಕೊಂಡೇ ಹತ್ತಬಹುದು. ಬಸ್ಸಿನಲ್ಲಾದರೆ ಮಲಗಿದ ಮಗುವನ್ನು ಎಬ್ಬಿಸಿ, ಸ್ಟ್ರಾಲರ್ ಮಡಚಿ, ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಮಗು. ರಾತ್ರಿ ಹತ್ತು ಗಂಟೆಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಗುಡುಗು ಸಿಡಿಲು ಬಂದರೆ ಮಾತ್ರ ಸ್ಕೈಲೈನರ್ ನಿಲ್ಲಿಸುತ್ತಾರೆ, ಆಗ ಬಸ್ಸೇ ಗತಿ. ಏರ್‌ಪೋರ್ಟಿನಿಂದ ಡಿಸ್ನಿಯ ಫ್ರೀ ಬಸ್ ಇತ್ತು ಅಂತ ಹಳಬರು ಹೇಳಬಹುದು. ಅದು 2022ರ ಶುರುವಿನಲ್ಲೇ ನಿಂತುಹೋಯಿತು. ಆ ಖರ್ಚನ್ನೂ ಬರೆದುಕೊಳ್ಳಿ.

ಆರ್ಲ್ಯಾಂಡೊದಲ್ಲೇ ಇರುವ ಬೇರೆ ಕಂಪನಿಯ ಥೀಮ್ ಪಾರ್ಕು ಯೂನಿವರ್ಸಲ್‌ಗೇ ಹೆಚ್ಚು ದಿನ ಕೊಡುವುದಾದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಅವರದೇ ಕಬಾನಾ ಬೇ ಮತ್ತು ಎಂಡ್‌ಲೆಸ್ ಸಮ್ಮರ್ ಹೋಟೆಲುಗಳಲ್ಲಿ ಆರು ಜನರ ಸೂಟುಗಳಿವೆ, ಪಾರ್ಕಿಗೆ ಅವರದೇ ಬಸ್ಸು. ಕಾರು ತಂದರೆ ಮಾತ್ರ ಹೋಟೆಲಿನಲ್ಲಿ ಪಾರ್ಕಿಂಗ್ ದುಡ್ಡು.

ತಾರೀಕು ಇನ್ನೂ ಗಟ್ಟಿಯಾಗಿಲ್ಲ ಅಂದಿದ್ದೀರಿ. ಕ್ರಿಸ್‌ಮಸ್ ವಾರ ಮತ್ತು ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್ ಬಿಟ್ಟುಬಿಡಿ, ಬಾಡಿಗೆ ಆಕಾಶಕ್ಕೇರುತ್ತದೆ. ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಅಗ್ಗ, ಆದರೆ ಬಿಸಿಲು, ಮೇಲೆ ಚಂಡಮಾರುತದ ಕಾಲ. ಮಗಳ ಶಾಲೆಯೂ ಇರುತ್ತದೆ. ಜನವರಿಯ ಎರಡನೇ ಭಾಗ ಹಿರಿಯರಿಗೆ ಹಿತ. ಯಾವಾಗ ಹೋದರೂ ರದ್ದು ಮಾಡಬಹುದಾದ ಬುಕಿಂಗನ್ನೇ ಮಾಡಿ. ಡಿಸ್ನಿಯಲ್ಲಿ ರೂಮು ಮಾತ್ರ, ಟಿಕೆಟ್ ಸೇರಿಸದೆ, ಬುಕ್ ಮಾಡಿದರೆ ಒಂದು ರಾತ್ರಿಯ ಮುಂಗಡ ಕಟ್ಟುತ್ತೀರಿ. ಐದಾರು ದಿನ ಮುಂಚೆಯೇ ರದ್ದು ಮಾಡಿದರೆ ಅದು ವಾಪಸ್. ಟಿಕೆಟ್ ಸೇರಿಸಿದ ಪ್ಯಾಕೇಜಿಗೆ ನಿಯಮ ಇನ್ನೂ ಬಿಗಿ. ಆದ್ದರಿಂದ ಇವತ್ತೇ ಒಂದು ರೂಮು ಹಿಡಿದಿಟ್ಟು, ಡಿಸ್ಕೌಂಟ್ ಬಂದಾಗ ಬದಲಿಸಬಹುದು. ಕಾಂಡೊಗಳಲ್ಲಿ ಒಬ್ಬೊಬ್ಬರದು ಒಂದೊಂದು ನಿಯಮ. ಖಾಸಗಿ ಮನೆ ಹಿಡಿಯುವುದೇ ಆದರೆ ಫ್ಲೋರಿಡಾ ರಾಜ್ಯದ ಲೈಸೆನ್ಸ್ ನಂಬರ್ ಕೇಳಿ, ಹಾಗೆಯೇ ಕೊಳದ ಸುತ್ತ ಬೇಲಿ ಅಥವಾ ಬಾಗಿಲಿಗೆ ಅಲಾರಾಂ ಇದೆಯಾ ಅಂತಲೂ ಕೇಳಿ. ನಾಲ್ಕು ವರ್ಷದವನು ಎಲ್ಲರಿಗಿಂತ ಮೊದಲು ಏಳುತ್ತಾನೆ.