ಸಂಪಾದಕರ ಉತ್ತರ: ‘ಯಾವ ಸರ್ವೆ ನಂಬರ್ರಿ?’

ಅಕ್ಕೋರೇ, ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ಕನ್ನಡ ಸಾಲಿಯಲ್ಲಿ ವರ್ಷಗಟ್ಟಲೆ ಕಲಿಸಿದವರು ಅನ್ನುವುದು ನಿಮ್ಮ ದುಂಡು ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಅದಕ್ಕೇ ಅಕ್ಕೋರೇ ಅಂದೆ.

ಉಳಿದ ಓದುಗರಿಗೆ ಪತ್ರದ ವಿಷಯ ಹೇಳಿಬಿಡುತ್ತೇನೆ. ಧಾರವಾಡದ ಅಂಚಿನಲ್ಲಿ ಇವರ ಬಡಾವಣೆ. ಹಿಂದೆ ಒಂದು ಹಳ್ಳ, ಅದು ಹೋಗಿ ಸೇರುವ ಸಣ್ಣ ಕೆರೆ. ಊರಿನ ಯಾವ ಜಾಗ ಯಾವ ಬಳಕೆಗೆ ಅಂತ ಬಣ್ಣ ಹಚ್ಚಿ ತೋರಿಸುವ ಹೊಸ ಕರಡು ಮಾಸ್ಟರ್ ಪ್ಲಾನ್‌ನಲ್ಲಿ ಹಳ್ಳದ ಮೇಲೆಯೇ 24 ಮೀಟರ್ ಅಗಲದ ರಸ್ತೆ ಎಳೆದಿದ್ದಾರೆ. ಕೆರೆಯ ಮೇಲ್ಭಾಗದ ಇಳಿಜಾರಿಗೆ ವಾಣಿಜ್ಯದ ಬಣ್ಣ ಬಿದ್ದಿದೆ. ಆಕ್ಷೇಪಣೆ ಕೊಡಲು 33 ದಿನ ಉಳಿದಿದೆ. ಪಕ್ಕದ ಮನೆಯವರು, “ಊರು ಬೆಳೀಲಿ ಬಿಡ್ರಿ, ಯಾಕ ಅಡ್ಡ ಬರ್ತೀರಿ” ಅಂದರಂತೆ. ಇವರ ಪ್ರಶ್ನೆ ಇಷ್ಟೇ: “ಎಲ್ಲಾ ಮೊದಲೇ ನಿರ್ಧಾರ ಆಗಿರುತ್ತದೆ. ನಮ್ಮಂಥವರು ಬರೆದು ಕೊಟ್ಟರೆ ಯಾರು ಓದುತ್ತಾರೆ?”

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಆ 33 ದಿನದಲ್ಲಿ 20 ಉಳಿದರೆ ಹೆಚ್ಚು. ಹಾಗಾಗಿ ಮೊದಲು ಕೆಲಸದ ಮಾತು.

ನಮ್ಮದೊಂದು ಕಥೆ ಕೇಳಿ. ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮ ಓಣಿಯ ಹಿಂದಿನ ಖಾಲಿ ಜಾಗಕ್ಕೂ ಹೀಗೇ ಬಣ್ಣ ಬದಲಾಗಿತ್ತು. ಹನ್ನೊಂದು ಜನ ಸೇರಿ ಮೂರು ಪುಟದ ಅರ್ಜಿ ಬರೆದೆವು. ಬರೆದವನು ನಾನೇ. ಪರಿಸರ, ಪರಂಪರೆ, ಮುಂದಿನ ಪೀಳಿಗೆ, ನಡುವೆ ಎರಡು ವಚನ. ಓದಿ ನಮಗೇ ಕಣ್ಣು ತೇವ ಆಯಿತು. ಕಚೇರಿಗೆ ಹೋಗಿ ಕೊಟ್ಟರೆ ಗುಮಾಸ್ತರು ಮೂರೂ ಪುಟ ತಿರುವಿ ಹಾಕಿ ಕೇಳಿದರು: “ಯಾವ ಸರ್ವೆ ನಂಬರ್ರಿ?”

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮಲ್ಲಿದ್ದ ಹಿರಿಯರೊಬ್ಬರು, “ಅದರೀ, ಬೇವಿನ ಗಿಡದ ಬಾಜೂಕ” ಅಂದರು.

“ನಕಾಶೆದಾಗ ಬೇವಿನ ಗಿಡ ಇಲ್ಲರೀ.”

ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಆ ಮನುಷ್ಯ ಹೇಳಿದ್ದು ಸರಿಯೇ ಇತ್ತು. ಅವರ ಮೇಜಿನ ಮೇಲೆ ನಕಾಶೆ ಹಾಸಿತ್ತು, ಸುರುಳಿ ಮಡಚದಂತೆ ಒಂದು ಮೂಲೆಗೆ ಚಹಾ ಗ್ಲಾಸು, ಇನ್ನೊಂದು ಮೂಲೆಗೆ ಪಂಚಿಂಗ್ ಮಷಿನ್. ಅದರಲ್ಲಿ ಇದ್ದದ್ದು ಗೆರೆ, ಬಣ್ಣ, ನಂಬರ್ ಮೂರೇ. ನಮ್ಮ ಅರ್ಜಿಯಲ್ಲಿ ಆ ಮೂರೂ ಇರಲಿಲ್ಲ. ನಾಲ್ಕು ದಿನ ಬಿಟ್ಟು ನಂಬರ್ ಹುಡುಕಿಕೊಂಡು ಮತ್ತೆ ಹೋದೆವು. ಕೊನೆಗೆ ಜಾಗ ಅರ್ಧ ಉಳಿಯಿತು. ಬೇವಿನ ಗಿಡ ಇದ್ದದ್ದು ಇನ್ನರ್ಧದಲ್ಲಿ.

ಆದ್ದರಿಂದ ನೀವು ಕಳಿಸಿದ ಅರ್ಜಿಯ ಕರಡು ಕೊಡಬೇಡಿ. ಬೇಜಾರು ಮಾಡಿಕೊಳ್ಳಬೇಡಿ, ಭಾಷೆ ಚೆನ್ನಾಗಿದೆ. ಆದರೆ “ಈ ಯೋಜನೆಯನ್ನೇ ರದ್ದು ಮಾಡಬೇಕು” ಎಂದು ಶುರುವಾಗುತ್ತದೆ. ಇಡೀ ಊರಿನ ಪ್ಲಾನ್ ರದ್ದು ಮಾಡಿ ಅಂದರೆ ಅದನ್ನು ಪಕ್ಕಕ್ಕಿಡುವುದು ಬಹಳ ಸುಲಭ. ಮೇಲಾಗಿ ಪ್ಲಾನ್ ಬೇಡ ಅನ್ನುವುದು ನನಗೂ ಒಪ್ಪಿಗೆಯಿಲ್ಲ. ಪ್ಲಾನ್ ಇಲ್ಲದೆ ಎದ್ದ ಲೇಔಟುಗಳಲ್ಲಿ ಗಟಾರ ಎಲ್ಲಿಗೆ ಹೋಗುತ್ತದೆ ಅಂತ ಅಲ್ಲಿಯವರಿಗೇ ಗೊತ್ತಿರುವುದಿಲ್ಲ. ಹಳ್ಳದ ಆಚೆ ಇರುವವರಿಗೂ ಆಂಬ್ಯುಲೆನ್ಸ್ ಬರುವಂಥ ರಸ್ತೆ ಬೇಕು, ಅಲ್ವಾ? ಪತ್ರದಲ್ಲಿ ನೀವೇ ಒಂದು ಕಡೆ ಹಳೆಯ ಚಕ್ಕಡಿ ದಾರಿಯ ವಿಷಯ ಬರೆದಿದ್ದೀರಿ. ರಸ್ತೆಯನ್ನು ಅದರ ಮೇಲೆ ತೆಗೆದುಕೊಂಡು ಹೋಗಿ ಎಂದು ಕೇಳಿ. ಬೇಡ ಅನ್ನುವುದಕ್ಕಿಂತ ಅಲ್ಲಿ ಬೇಡ, ಇಲ್ಲಿ ಮಾಡಿ ಅನ್ನುವ ಅರ್ಜಿಯನ್ನು ತಳ್ಳಿಹಾಕುವುದು ಅವರಿಗೂ ಕಷ್ಟ.

ಈಗ ಕಾನೂನು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಕಲಂ ಪ್ರಕಾರ ಯೋಜನಾ ಪ್ರಾಧಿಕಾರ ಪ್ಲಾನ್ ಪ್ರಕಟಿಸಿ, 60 ದಿನದೊಳಗೆ ಅಭಿಪ್ರಾಯ ಕೊಡಿ ಎಂದು ಜನರನ್ನು ಕೇಳಬೇಕು. ಬಂದದ್ದನ್ನು ಪರಿಶೀಲಿಸಿ, ತನ್ನ ಶಿಫಾರಸಿನ ಜೊತೆ ಸರ್ಕಾರಕ್ಕೆ ಕಳಿಸಬೇಕು. ಅಂತಿಮ ಒಪ್ಪಿಗೆ ಸರ್ಕಾರದ್ದು. ಹುಬ್ಬಳ್ಳಿ-ಧಾರವಾಡಕ್ಕೆ ಈ ಪ್ರಾಧಿಕಾರ ಅಂದರೆ ನವನಗರದಲ್ಲಿರುವ ಹುಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ. ಹತ್ತು ವರ್ಷಕ್ಕೊಮ್ಮೆಯಾದರೂ ಪ್ಲಾನ್ ಪರಿಷ್ಕರಿಸಬೇಕು ಅಂತಲೂ ಕಾಯ್ದೆಯಲ್ಲಿದೆ. ಅಂದರೆ ಈ ಸಲ ತಪ್ಪಿದರೆ ಮುಂದಿನ ಸರದಿಗೆ ಎಷ್ಟು ವರ್ಷ ಅಂತ ಲೆಕ್ಕ ಹಾಕಿ.

ಕಚೇರಿಗೆ ಹೋಗಿ ದೊಡ್ಡ ನಕಾಶೆಯನ್ನೇ ನೋಡಿ. ಮೊಬೈಲಿನಲ್ಲಿ ಬಂದ ಫೋಟೋ ಸಾಲದು. ಮೂಲೆಯಲ್ಲಿ ಬಣ್ಣಗಳ ಪಟ್ಟಿ ಇರುತ್ತದೆ. ಸಾಮಾನ್ಯವಾಗಿ ಹಳದಿ ವಸತಿ, ನೀಲಿ ವಾಣಿಜ್ಯ, ಹಸಿರು ಉದ್ಯಾನ. ರಸ್ತೆ ಹಾಯುವ ಪ್ರತಿ ಸರ್ವೆ ನಂಬರ್ ಬರೆದುಕೊಳ್ಳಿ. ಆಮೇಲೆ ಭೂಮಾಪನ ಇಲಾಖೆಯಿಂದ ಹಳೆಯ ಗ್ರಾಮ ನಕಾಶೆ ತೆಗೆಸಿ. ಹಳ್ಳ ಅದರಲ್ಲಿ ಗುರುತಾಗಿದ್ದರೆ ನಿಮ್ಮ ಅರ್ಧ ಕೆಲಸ ಆದಂತೆ. ಯಾಕೆಂದರೆ ನಮ್ಮ ಕಡೆಯ ಹಳ್ಳಗಳ ತೊಂದರೆಯೇ ಇದು: ವರ್ಷದಲ್ಲಿ ಎಂಟು ತಿಂಗಳು ಒಣಗಿರುತ್ತವೆ. ಬೇಸಿಗೆಯಲ್ಲಿ ಬಂದು ನೋಡಿದವರಿಗೆ ಅದು ಪುಕ್ಕಟೆ ಸಿಕ್ಕ ರಸ್ತೆಯ ಹಾಗೆ ಕಾಣುತ್ತದೆ. ಬೆಣ್ಣಿಹಳ್ಳ ಮಳೆಗಾಲದಲ್ಲಿ ಏನು ಮಾಡುತ್ತದೆ ಅಂತ ನವಲಗುಂದದ ಕಡೆಯ ರೈತರನ್ನು ಕೇಳಬೇಕು. ನಿಮ್ಮ ಮನೆ ಹಿಂದಿನದು ಅಷ್ಟು ದೊಡ್ಡದಲ್ಲ ನಿಜ, ಆದರೆ ನೀರು ಬಂದಾಗ ತೆಗೆದ ಫೋಟೋ ಯಾರ ಬಳಿಯಾದರೂ ಇದ್ದೇ ಇರುತ್ತದೆ. ತಾರೀಖು ಸಮೇತ ಅರ್ಜಿಗೆ ಅಂಟಿಸಿ.

ನೂರು ಸಹಿಯ ಒಂದು ಅರ್ಜಿಗಿಂತ ಮನೆಗೊಂದರಂತೆ ಬೇರೆ ಬೇರೆ ಅರ್ಜಿ ಒಳ್ಳೆಯದು. ಒಂದಕ್ಕೆ ಒಂದೇ ಆವಕ ನಂಬರ್ (ಕಚೇರಿಗೆ ಬಂದ ಕಾಗದಕ್ಕೆ ಹಾಕುವ ನಂಬರ್) ಬೀಳುತ್ತದೆ. ನಲವತ್ತಕ್ಕೆ ನಲವತ್ತು. ಝೆರಾಕ್ಸ್ ಮಾಡಿ ಹೆಸರು ಮಾತ್ರ ಬದಲಿಸಿ ಕೊಡುವುದೂ ಬೇಡ. ಪ್ರತಿ ಮನೆಯವರೂ ತಮಗೆ ಆಗುವ ತೊಂದರೆಯನ್ನು ಎರಡು ಸಾಲು ಸ್ವಂತ ಬರೆಯಲಿ. ಕೆಳಗಿನ ಹೊಲದವರೂ ಬರೆಯಲಿ, ನಿಮ್ಮ ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ. ಟಪಾಲು ವಿಭಾಗದಲ್ಲೇ ಕೊಡಿ, ನಿಮ್ಮ ಪ್ರತಿಯ ಮೇಲೆ ಮುದ್ರೆ ಒತ್ತಿಸಿಕೊಳ್ಳಿ. “ಇಟ್ಟು ಹೋಗ್ರಿ, ಸಾಹೇಬ್ರಿಗೆ ಕೊಡ್ತೀನಿ” ಅಂದರೆ ಇಟ್ಟು ಬರಬೇಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಮೊದಲೇ ನಿರ್ಧಾರ ಆಗಿರುತ್ತದೆಯೇ? ಎಷ್ಟೋ ಸಲ ಹೌದು. ಸುಳ್ಳು ಹೇಳಿ ನಿಮ್ಮನ್ನು ಕಚೇರಿಗೆ ಅಲೆದಾಡಿಸುವುದಿಲ್ಲ. ಆದರೂ ಕೊಡಿ ಅನ್ನುತ್ತೇನೆ. ಅರ್ಜಿ ಕೊಟ್ಟವರು ನಾಳೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, “ನನ್ನ ಆಕ್ಷೇಪಣೆಯ ಮೇಲೆ ಏನು ಷರಾ ಬರೆದಿದ್ದೀರಿ?” ಅಂತ ಕೇಳಬಹುದು. ಕೊಡದವರು ಏನಂತ ಕೇಳುವುದು? ಕೋರ್ಟಿಗೆ ಹೋದರೂ ಮೊದಲು ಬರುವ ಮಾತು, “ಅವಕಾಶ ಕೊಟ್ಟಾಗ ಎಲ್ಲಿದ್ದಿರಿ?” ಅಂತಲೇ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿಗಾಗಿಯೇ ಮಾಡಿದ 22 ಕಿಲೋಮೀಟರ್ ದಾರಿಯ ಬಗ್ಗೆ ಇವತ್ತು ಧಾರವಾಡದ ಜ್ಯುಬಿಲಿ ಸರ್ಕಲ್‌ನಲ್ಲಿ ನಿಂತು ಎಲ್ಲರೂ ಭಾಷಣ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಅದು ಇನ್ನೂ ಕಾಗದದಲ್ಲಿದ್ದಾಗ ನಾನು ಒಂದು ಸಾಲೂ ಬರೆದು ಕೊಟ್ಟಿರಲಿಲ್ಲ.

ಅಡ್ಡ ಬರುವವರು ಅನ್ನುವ ಮಾತಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅದು ನಮ್ಮ ಭಾಗಕ್ಕೆ ಹೊಸದಲ್ಲ. 1984ರಲ್ಲಿ ಸುಮಾರು 30 ಸಾವಿರ ಹೆಕ್ಟೇರ್ ಸರ್ಕಾರಿ ಜಮೀನನ್ನು ನೀಲಗಿರಿ ಬೆಳೆಸಲು ಒಂದು ಜಂಟಿ ಕಂಪನಿಗೆ ಕೊಡುವ ಒಪ್ಪಂದ ಆಯಿತು. ಹಾನಗಲ್ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಅದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. ಎಲ್ಲರಿಗೂ ನೆನಪಿರುವುದು ಆ ಕಿತ್ತ ಸಸಿ. ಆದರೆ ಅದಕ್ಕೂ ಮೊದಲೇ ಶಿವರಾಮ ಕಾರಂತರೂ ಸೇರಿ ಹಲವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದರು. ಜನವೂ ಇದ್ದರು, ಕಾಗದವೂ ಇತ್ತು. 1991ರಲ್ಲಿ ಆ ಕಂಪನಿ ಬಾಗಿಲು ಹಾಕಿತು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಜಮೀನು ಕೊಡುವುದಿಲ್ಲ ಎಂದು ರೈತರು ನಿಂತಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ಆ ವರ್ಷವೇ ಸರ್ಕಾರ ಹಿಂದೆ ಸರಿಯಿತು. ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಸಾರುವ ಆದೇಶವಂತೂ 2015ರಲ್ಲಿ ಬಂತು, 2016ರಲ್ಲಿ ಹೋಯಿತು, ಹೋರಾಟದ ಮೇಲೆ 2017ರಲ್ಲಿ ಮತ್ತೆ ಬಂತು. 2019ರಲ್ಲಿ ಅದು ವನ್ಯಜೀವಿ ಧಾಮವೇ ಆಯಿತು.

ಬೇರೆ ಊರಿನ ಓದುಗರಿಗೆ ಒಂದು ಎಚ್ಚರಿಕೆ: ಎಲ್ಲದಕ್ಕೂ 60 ದಿನ ಅಂತ ತಿಳಿಯಬೇಡಿ. ರಾಷ್ಟ್ರೀಯ ಹೆದ್ದಾರಿಗೆ ಜಮೀನು ಹೋಗುವುದಿದ್ದರೆ ಆಕ್ಷೇಪಣೆಗೆ 21 ದಿನ ಮಾತ್ರ. ಕಾರ್ಖಾನೆ, ಗಣಿಯಂಥವಕ್ಕೆ ಪರಿಸರ ಅನುಮತಿಯ ಸಾರ್ವಜನಿಕ ಅಹವಾಲು ಸಭೆ ಇರುತ್ತದೆ, 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಿಸಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆಯ ಕೊನೆಗೆ ನಡಾವಳಿ, ಅಂದರೆ ಸಭೆಯಲ್ಲಿ ಆದ ಮಾತುಗಳ ದಾಖಲೆ, ಓದಿ ಹೇಳಬೇಕು. ಅದನ್ನು ಕೇಳಿಯೇ ಎದ್ದು ಬನ್ನಿ. ಬಹಳ ಜನ ತಮ್ಮ ಮಾತು ಮುಗಿದ ಕೂಡಲೇ ಚಹಾಕ್ಕೆ ಹೋಗುತ್ತಾರೆ.

ಅಕ್ಕೋರೇ, ಪಕ್ಕದ ಮನೆಯವರ ಜೊತೆ ಸುಮ್ನೆ ವಾದ ಮಾಡಬೇಡಿ. ಒಂದು ಸಂಜೆ ಕರೆದುಕೊಂಡು ಹೋಗಿ, 24 ಮೀಟರ್ ಅಂದರೆ ಎಷ್ಟು ಅಂತ ಹಗ್ಗ ಹಿಡಿದು ಅಳೆದು ತೋರಿಸಿ. ಅವರ ಕಾಂಪೌಂಡ್ ಗೋಡೆಯ ಯಾವ ಬದಿಗೆ ಹಗ್ಗ ಬೀಳುತ್ತದೋ ನೋಡೋಣ.

ಅರ್ಜಿ ಕೊಟ್ಟ ಮೇಲೆ ಮುದ್ರೆ ಬಿದ್ದ ಪ್ರತಿಯ ಫೋಟೋ ನಮಗೂ ಕಳಿಸಿ. ಕೌಂಟರ್ ಬಿಡುವ ಮೊದಲು ತಾರೀಖು ಓದಲು ಬರುತ್ತದೆಯೇ ನೋಡಿಕೊಳ್ಳಿ. ನಮ್ಮದರಲ್ಲಿ ಮಸಿ ಹರಡಿ ತಿಂಗಳೇ ಕಾಣುತ್ತಿರಲಿಲ್ಲ.

ಸಂಪಾದಕ